ಬೋರ್ಡಿಂಗ್ ಎಂದರೆ ತಪ್ಪೇನು?

ಮುಂಬಯಿಯ ಮಾಟುಂಗಾದ ಊಟದ ಮನೆಗಳ ಕುರಿತ ನಮ್ಮ ಲೇಖನವನ್ನು ಓದಿ ಡೊಂಬಿವಲಿಯ ಓದುಗರೊಬ್ಬರು ಬೇಸರಗೊಂಡಿದ್ದಾರೆ. ‘ಬೋರ್ಡ್ ಎಂದರೆ ಹಲಗೆ. ಊಟದ ಮನೆಗೂ ಬೋರ್ಡಿಂಗ್, ಕಂಪನಿ ನಡೆಸುವವರಿಗೂ ಬೋರ್ಡ್, ವಿಮಾನ ಹತ್ತುವುದಕ್ಕೂ ಬೋರ್ಡಿಂಗ್! ತಲೆಬುಡವಿಲ್ಲದ ಈ ಪದವನ್ನು ಬಿಟ್ಟು ಭೋಜನಾಲಯ ಎಂದು ಬರೆಯಬಾರದೇ?’ ಎಂಬುದು ಅವರ ಪತ್ರದ ಸಾರ.

ಮಾನ್ಯರೇ, ಭೋಜನಾಲಯ ಸೊಗಸಾದ ಪದವೇ, ಒಪ್ಪಿದೆ. ಆದರೆ ಮಾಟುಂಗಾ ಸ್ಟೇಷನ್ನಿನ ಬಳಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಮುಂದೆ ಕೂತು ಉಂಡು ಬಂದವರು ಯಾರೂ ತಾವು ಭೋಜನಾಲಯಕ್ಕೆ ಹೋಗಿದ್ದೆವೆಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ತಲೆಬುಡದ ವಿಚಾರ. ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಎಂದರೆ ಹಲಗೆಯೆಂಬುದು ನಿಜ. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಊಟದ ಹೊತ್ತಿಗೆ ಮರದ ಆನಿಕೆಗಳ ಮೇಲೆ ಉದ್ದನೆಯ ಹಲಗೆಗಳನ್ನು ಹಾಸಿ, ಊಟ ಮುಗಿದೊಡನೆ ಕಳಚಿಡುತ್ತಿದ್ದರು; ಹೀಗೆ ಹಲಗೆಯೇ ಮೇಜಾಯಿತು, ಮೇಜಿನ ಮೇಲಿನ ಊಟಕ್ಕೂ ಅದೇ ಹೆಸರು ಅಂಟಿತು, ದುಡ್ಡು ಕೊಟ್ಟು ನಿತ್ಯ ಉಣ್ಣುವವನು ಬೋರ್ಡರ್ ಆದ. ಮೇಜಿನ ಸುತ್ತ ಆಲೋಚನೆಗೆ ಕೂತವರು ಕಂಪನಿಯ ಬೋರ್ಡ್ ಆದರು. ಜೂಜಿನಲ್ಲಿ ಕೈಗಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟವನದು ‘ಅಬೌ ಬೋರ್ಡ್’ ಆಟ, ಅಂದರೆ ಮೋಸವಿಲ್ಲದ್ದು. ವಿಮಾನದ ಬೋರ್ಡಿಂಗ್ ಮಾತ್ರ ಬೇರೆ ದಾರಿಯಿಂದ ಬಂದಿದೆ: ಹಡಗಿನ ಮಗ್ಗುಲಿಗೂ ಇಂಥದೇ ಪದವೊಂದಿತ್ತು, ಕಾಲಕ್ರಮದಲ್ಲಿ ಎರಡೂ ಬೆರೆತವು. ಚುಕ್ಕಾಣಿಯ ಹುಟ್ಟು ಇರುತ್ತಿದ್ದ ಬಲಮಗ್ಗುಲೇ ಸ್ಟಾರ್‌ಬೋರ್ಡ್. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಇದು ಗೊಂದಲವೆಂದಾದರೆ ನಮ್ಮ ಮಣೆಯನ್ನು ಏನೆನ್ನುತ್ತೀರಿ? ಊಟಕ್ಕೆ ಕೂರುವುದು ಮಣೆ, ಕಾಯಿ ತುರಿಯುವುದು ತುರಿಮಣೆ, ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಾಗದೆ ಆಡುವುದು ಚೆನ್ನೆಮಣೆ. ಹಸೆಮಣೆ ಏರಿದರೆ ಮದುವೆ, ಮಣೆ ಹಾಕಿದರೆ ಮನ್ನಣೆ. ನಿಮ್ಮ ನೆರೆಮನೆಯ ಮರಾಠಿಯಲ್ಲಿ ಪಾಟ ಎಂದರೆ ಕೂರುವ ಮಣೆ. ವಿಧವೆಯ ಮರುಮದುವೆಗೂ ಅಲ್ಲಿ ಪಾಟವೆಂದೇ ಹೆಸರು. ಇವು ಯಾವುವೂ ನಿಮಗೆ ತೊಡಕೆನಿಸಿಲ್ಲ, ಏಕೆಂದರೆ ಇವನ್ನು ನೀವು ನಿಘಂಟಿನಿಂದ ಕಲಿತವರಲ್ಲ.

ಪತ್ರ ಬರೆಯುವಷ್ಟು ಪದಪ್ರೀತಿ ಇರುವ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಈ ಊರಿನ ನಮ್ಮವರ ರೀತಿಯ ಮೇಲೆ. ಸನ್ಮಾನದ ಶಾಲು, ಹಣ್ಣಿನ ಬುಟ್ಟಿಗಳಿಗೆ ಎಂದೂ ಕೊರತೆಯಾಗದ ನಮ್ಮ ಸಂಘಗಳ ಕಪಾಟಿನಲ್ಲಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಮರುಮುದ್ರಣವಾದರೂ ಇದೆಯೇ ಎಂದು ಕೇಳಿದರೆ ಕಾರ್ಯದರ್ಶಿಗಳು ಬೀಗದ ಕೈ ಹುಡುಕತೊಡಗುತ್ತಾರೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹುಡುಗರು ಬೋರ್ಡಿಂಗ್, ಗಲ್ಲಾ, ಪಾರ್ಸೆಲ್‌ಗಳನ್ನು ಕನ್ನಡದ ವಿಭಕ್ತಿಗೆ ಒಗ್ಗಿಸಿಕೊಂಡು ದುಡಿದರು. ಶುದ್ಧ ಪದಗಳ ಪಟ್ಟಿ ಹಿಡಿದು ವೇದಿಕೆ ಏರಿದವರ ಮಕ್ಕಳಲ್ಲಿ ಎಷ್ಟು ಮಂದಿ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದರು?

ಭೋಜನಾಲಯ ಎಂಬ ಪದವಿಟ್ಟು ನೀವೊಂದು ಲೇಖನ ಬರೆದು ಕಳಿಸಿ, ತಿದ್ದದೆ ಅಚ್ಚು ಹಾಕುತ್ತೇವೆ. ಮಾಟುಂಗಾದವರ ಬೋರ್ಡಿಂಗನ್ನೂ ತಿದ್ದುವುದಿಲ್ಲ.

– ಸಂಪಾದಕ