ಹಳೆಯ ಜೀಪಿನ ಪವರ್ ಸ್ಟೀರಿಂಗ್ ಬಿಗಿಯಾಗಿದೆ, ಎಣ್ಣೆ ಸೋರುತ್ತಿಲ್ಲ. ಪಂಪ್ ಬದಲಿಸಲೇಬೇಕೇ?

ಬೇಡ, ಈಗಲೇ ಬೇಡ. ನಾನು ಮೆಕ್ಯಾನಿಕ್ ಅಲ್ಲ, ಮಂಡ್ಯದ ಕಡೆಯ ಕಬ್ಬು ಬೆಳೆಗಾರ. ಆದರೆ ಇದೇ ಕಾಯಿಲೆಗೆ ಒಂದು ಪಂಪಿನ ದುಡ್ಡನ್ನು ದಂಡ ಕಟ್ಟಿದವನು.

ಮೈಸೂರಿನ ದೇವರಾಜ ಮಾರುಕಟ್ಟೆಯ ಬಳಿ ಗಾಡಿ ನಿಲ್ಲಿಸಲು ಹಿಂದೆ ಮುಂದೆ ಮಾಡುವಾಗ ತೋಳು ಸೋಲುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸ್ಟೀರಿಂಗ್ ಹಗುರವಾಗುತ್ತದೆ ಎಂದು ಬರೆದಿದ್ದೀರಿ. ಅದೇ ಮುಖ್ಯ ಸುಳಿವು. ಸ್ಟೀರಿಂಗಿಗೆ ಎಣ್ಣೆ ಒತ್ತುವ ಪಂಪ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನಕ್ಕೆ ಓಡುವಾಗ, ಮಾತ್ರ ಕಷ್ಟವೆಂದರೆ ಎಣ್ಣೆಯ ಹರಿವು ಎಲ್ಲೋ ಸಾಲುತ್ತಿಲ್ಲ. ಕೊನೆಯವರೆಗೆ ತಿರುಗಿಸಿದಾಗ ಬೆಲ್ಟ್ ಕಿರುಚಿದರೆ ಬಿಗಿ ಮಾಡಿಸಿ, ಹೊಳಪು ಬಂದು ಸವೆದಿದ್ದರೆ ಬದಲಿಸಿ.

ಬೆಲ್ಟ್ ಸರಿಯಿದ್ದರೆ ಹತ್ತಿಪ್ಪತ್ತು ನಿಮಿಷ ಓಡಿಸಿ ಬಂದು ಪವರ್ ಸ್ಟೀರಿಂಗಿನ ಎಣ್ಣೆ ಡಬ್ಬಿಯ ಮುಚ್ಚಳ ತೆಗೆಯಿರಿ. ನನ್ನ ಗಾಡಿಯಲ್ಲಿ ಕಂಡದ್ದು ಎಣ್ಣೆಯಲ್ಲ, ಲೋಟದಿಂದ ಲೋಟಕ್ಕೆ ಎತ್ತಿ ಸುರಿದ ಕಾಫಿಯ ನೊರೆ. ಗ್ಯಾರೇಜಿನವರು ಅದನ್ನು ನೋಡದೆಯೇ ಪಂಪ್ ಹೋಗಿದೆ ಎಂದಿದ್ದರು. ಹೊಸದು ಹಾಕಿಸಿದೆ. ನಾಲೆ ಏರಿಯ ಮೇಲೆ ಮನೆಗೆ ಬರುವಷ್ಟರಲ್ಲಿ ಅದೇ ಬಿಗಿ, ಅದೇ ಗುಂಯ್‌ಗುಟ್ಟುವ ಸದ್ದು.

ತಪ್ಪಿದ್ದದ್ದು ಡಬ್ಬಿಯಿಂದ ಪಂಪಿಗೆ ಹೋಗುವ ಗೇಣುದ್ದದ ರಬ್ಬರ್ ಪೈಪಿನಲ್ಲಿ. ಈ ಪೈಪಿನಲ್ಲಿ ಒತ್ತಡವಿಲ್ಲ, ಎಳೆತವಿದೆ. ಎಂಜಿನ್ನಿನ ಕಾವಿಗೆ ರಬ್ಬರ್ ಗಟ್ಟಿಯಾಗಿ ಕ್ಲಿಪ್ ಸಡಿಲವಾದರೆ ಎಣ್ಣೆ ಹೊರಗೆ ತೊಟ್ಟಿಕ್ಕದೆ ಗಾಳಿಯಷ್ಟೇ ಒಳಗೆ ಹೋಗಬಹುದು. ತೂತು ಬಿದ್ದ ಕೊಳವೆಯಲ್ಲಿ ಎಳನೀರು ಕುಡಿದು ನೋಡಿ, ಅರ್ಥವಾಗುತ್ತದೆ. ಗಾಳಿ ಬೆರೆತ ಎಣ್ಣೆ ಒತ್ತಿದರೆ ಕುಗ್ಗುತ್ತದೆ, ಚಕ್ರ ತಿರುಗಿಸುವ ಬಲ ಹುಟ್ಟುವುದಿಲ್ಲ. ಹಾಗಾಗಿ ‘ಸೋರುತ್ತಿಲ್ಲ’ ಎಂಬ ನಿಮ್ಮ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಎಣ್ಣೆಗೆ ತಕ್ಕ ಹೊಸ ಪೈಪ್, ಎರಡು ಕ್ಲಿಪ್ ಹಾಕಿಸಿ. ಸಾದಾ ನೀರಿನ ಪೈಪ್ ಬೇಡ. ಕೆಲವು ಡಬ್ಬಿಗಳ ತಳದಲ್ಲಿ ಜಾಲರಿ ಇರುತ್ತದೆ. ಅದು ಕೆಸರು ಕಟ್ಟಿದರೂ ಪಂಪಿಗೆ ಎಣ್ಣೆ ಸಾಲುವುದಿಲ್ಲ.

ಆಮೇಲೆ ಗಾಳಿ ತೆಗೆಯಬೇಕು. ಮುಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎಂಜಿನ್ ಹಚ್ಚದೆ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ 15–20 ಸಲ ನಿಧಾನವಾಗಿ ತಿರುಗಿಸಿ. ಎಣ್ಣೆ ಇಳಿದಂತೆಲ್ಲ ತುಂಬಿಸುತ್ತಿರಿ. ನಂತರ ಎಂಜಿನ್ ಹಚ್ಚಿ ಗುಳ್ಳೆ ನಿಲ್ಲುವವರೆಗೆ ಮತ್ತೆ ಅದನ್ನೇ ಮಾಡಿ. ಸ್ಟೀರಿಂಗನ್ನು ಯಾವ ಕೊನೆಯಲ್ಲೂ ಹಿಡಿದು ನಿಲ್ಲಿಸಬೇಡಿ. ಯಾವ ಎಣ್ಣೆ ಎಂಬುದು ಮುಚ್ಚಳದ ಮೇಲೋ ಕೈಪಿಡಿಯಲ್ಲೋ ಇರುತ್ತದೆ. ಬ್ರೇಕ್ ಆಯಿಲ್ ಮಾತ್ರ ಸುರಿಯಬೇಡಿ, ಸೀಲುಗಳು ಉಬ್ಬಿ ಕೆಡುತ್ತವೆ.

ಚಕ್ರ ಎತ್ತಿದಾಗಲೇ ಇನ್ನೊಂದು ಪರೀಕ್ಷೆ ಮುಗಿಸಿಕೊಳ್ಳಿ. ಎಂಜಿನ್ ಆರಿಸಿದಾಗಲೂ ಸ್ಟೀರಿಂಗ್ ಎಲ್ಲಾದರೂ ಸಿಕ್ಕಿಕೊಂಡಂತೆ ತಿರುಗಿದರೆ ದೋಷ ಎಣ್ಣೆಯದಲ್ಲ. ತುಕ್ಕು ಹಿಡಿದ ಬಾಲ್ ಜಾಯಿಂಟ್ ಅಥವಾ ಸ್ಟೀರಿಂಗ್ ರಾಡಿನ ಕೀಲಾದ ಕ್ರಾಸ್ ನೋಡಿಸಿ.

ಕೇಳಲು ಸಂಕೋಚ, ಆದರೂ ಕೇಳುತ್ತೇನೆ: ಡಾಂಬರು ರಸ್ತೆಯಲ್ಲಿ ಫೋರ್-ವೀಲ್ ಹಾಕಿಕೊಂಡೇ ಓಡಿಸುತ್ತಿಲ್ಲ ತಾನೇ? ಗದ್ದೆಯಿಂದ ಬಂದವನು ನಾನೊಮ್ಮೆ ಲಿವರ್ ತೆಗೆಯಲು ಮರೆತು ಮದ್ದೂರಿನವರೆಗೂ ಸ್ಟೀರಿಂಗನ್ನು ಬೈದುಕೊಂಡು ಹೋಗಿದ್ದೆ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗಿಯರ್ ನಡುವೆ ಇಲ್ಲದ ಇಂಥ ಗಾಡಿಗಳಲ್ಲಿ ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಒಂದನ್ನೊಂದು ತಡೆಯುತ್ತವೆ. ಅಗಲದ ಟೈರು, ಕಡಿಮೆ ಗಾಳಿಯೂ ಭಾರ ಹೆಚ್ಚಿಸುತ್ತವೆ.

ಇಷ್ಟಾದರೂ ಸರಿಹೋಗದಿದ್ದರೆ ಒತ್ತಡ ಅಳೆಯುವ ಗೇಜ್ ಇರುವ ಗ್ಯಾರೇಜಿಗೇ ಹೋಗಿ. ಪಂಪ್ ಮತ್ತು ಎಣ್ಣೆಯ ಬಲದಿಂದ ಚಕ್ರ ತಿರುಗಿಸುವ ಸ್ಟೀರಿಂಗ್ ಬಾಕ್ಸ್ ನಡುವೆ ಗೇಜ್ ಕೂರಿಸಿ, ಗೇಜಿನ ವಾಲ್ವನ್ನು 5 ಸೆಕೆಂಡ್ ಮೀರದಂತೆ ಮುಚ್ಚುತ್ತಾರೆ. ಕೈಪಿಡಿಯಲ್ಲಿರುವಷ್ಟು ಒತ್ತಡ ಬಂದರೆ ಪಂಪ್ ಗಟ್ಟಿಯಾಗಿದೆ, ಬಾಕ್ಸಿನೊಳಗೆ ಸೀಲು ಸವೆದಿರುವ ಸಂಭವ ಹೆಚ್ಚು. ಬರದಿದ್ದರೆ ಆಗ ಪಂಪ್ ಬಿಚ್ಚಿಸಿ.