ರಾಜೀನಾಮೆ ಬರೆದುಕೊಡಬೇಡಿ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 41 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ 14 ವರ್ಷದಿಂದ ಮಿಕ್ಸಿ ಮೋಟಾರಿಗೆ ವೈಂಡಿಂಗ್ ಮಾಡುತ್ತಿದ್ದೇನೆ. ಪರ್ಮನೆಂಟ್ ಕೆಲಸ. ಒಟ್ಟು 140 ಜನ ಇದ್ದೇವೆ. ಬೇಸಿಕ್, ಡಿ.ಎ. ಸೇರಿ 15,600 ರೂಪಾಯಿ ಬರುತ್ತದೆ. ಹೋದ ವರ್ಷದಿಂದ ಚೀನಾದ ರೆಡಿ ಮೋಟಾರು ಕಂಟೇನರ್‌ನಲ್ಲಿ ಬರುತ್ತಿದೆ. ಡಬ್ಬ ಬಿಚ್ಚಿ, ನಮ್ಮ ಕಂಪನಿ ಸ್ಟಿಕ್ಕರ್ ಅಂಟಿಸುವುದಷ್ಟೇ ಕೆಲಸ. ಈಗ ವೈಂಡಿಂಗ್ ಸೆಕ್ಷನ್ನಿನ 22 ಜನಕ್ಕೂ ರಾಜೀನಾಮೆ ಬರೆದುಕೊಡಿ, ಮೂರು ತಿಂಗಳ ಸಂಬಳ ಕೊಡುತ್ತೇವೆ ಎನ್ನುತ್ತಿದ್ದಾರೆ. ಇಂಪೋರ್ಟ್‌ನಿಂದ ಕೆಲಸ ಹೋದರೆ ಅಮೆರಿಕದಲ್ಲಿ ಸರ್ಕಾರವೇ ದುಡ್ಡು ಕೊಡುತ್ತದೆ ಅಂತ ಅಲ್ಲಿರುವ ನಮ್ಮ ಭಾವ ಹೇಳಿದರು. ನಮ್ಮಲ್ಲಿ ಅಂಥದ್ದು ಇದೆಯಾ?
ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಒಂದು ಮಾತು. ರಾಜೀನಾಮೆ ಬರೆದುಕೊಡಬೇಡಿ. ಉಳಿದ 21 ಜನಕ್ಕೂ ಇವತ್ತೇ ಹೇಳಿ.

ನಿಮ್ಮ ಭಾವ ಹೇಳಿದ್ದು ನಿಜ, ಆದರೆ ಅದು ಹಳೆಯ ಮಾತು. ಅಮೆರಿಕದಲ್ಲಿ 1962ರಲ್ಲಿ ಕೆನಡಿ ಕಾಲದಲ್ಲಿ ಅಂಥ ಯೋಜನೆ ಶುರುವಾಯಿತು. ಮೂರೇ ಮೂರು ಕಾರ್ಮಿಕರು ಸೇರಿ ಅರ್ಜಿ ಹಾಕಬಹುದಿತ್ತು. ಹೊರದೇಶದ ಸಾಮಾನಿನಿಂದಲೇ ಕೆಲಸ ಹೋಯಿತು ಎಂದು ಸರ್ಕಾರ ಒಪ್ಪಿದರೆ ಬೇರೆ ಕೆಲಸ ಕಲಿಯಲು ತರಬೇತಿ, ಕಲಿಯುವಾಗ ಭತ್ಯೆ, ಬೇರೆ ಊರಿಗೆ ಹೋಗುವುದಾದರೆ ಅದಕ್ಕೂ ಒಂದಿಷ್ಟು ಹಣ. 2022ರ ಜುಲೈ 1ರಿಂದ ಅಲ್ಲೂ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು.

ನಮ್ಮಲ್ಲಿ ಇಂಪೋರ್ಟ್ ಹೆಸರಿನ ಯೋಜನೆ ಇಲ್ಲ. ಹೊರಗಿನ ಸಾಮಾನು ಅಗ್ಗಕ್ಕೆ ಸುರಿದರೆ ಆಂಟಿ ಡಂಪಿಂಗ್ ಸುಂಕ ಹಾಕುತ್ತಾರೆ. ಅದನ್ನು ಕೇಳುವವರು ಇಲ್ಲಿನ ತಯಾರಕರು. ಆ ಸುಂಕದ ದುಡ್ಡು ಖಜಾನೆಗೆ ಹೋಗುತ್ತದೆ, ಕೆಲಸ ಕಳೆದುಕೊಂಡವರ ಮನೆಗೆ ಬರುವುದಿಲ್ಲ. ಇದು ತಪ್ಪು ಎಂದೇ ನನ್ನ ಅಭಿಪ್ರಾಯ. ನಿಮ್ಮ ವಿಷಯದಲ್ಲಂತೂ ಕಂಪನಿಯೇ ಇಂಪೋರ್ಟ್ ಮಾಡುತ್ತಿದೆ. ಅವರು ಸುಂಕ ಕೇಳಲು ಹೋಗುತ್ತಾರಾ?

ಆದರೂ ನಿಮಗೆ ಬರಬೇಕಾದ್ದು ಇದೆ. ಕೆಲಸ ಇಲ್ಲ ಎಂದು ಕಂಪನಿಯೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಒಂದು ತಿಂಗಳ ನೋಟಿಸ್, ಇಲ್ಲವೇ ಅದರ ಸಂಬಳ ಕೊಡಬೇಕು. ಜೊತೆಗೆ ಸರ್ವೀಸಿನ ಪ್ರತಿ ವರ್ಷಕ್ಕೂ 15 ದಿನದ ಸರಾಸರಿ ಸಂಬಳ. ನಿಮ್ಮ 14 ವರ್ಷಕ್ಕೆ ಕಡಿಮೆಯೆಂದರೂ 1,09,200 ರೂಪಾಯಿ. ಹೊಸ ಕೆಲಸ ಕಲಿಯಲಿ ಎಂದು ಕಂಪನಿ ಇನ್ನೂ 15 ದಿನದ ಸಂಬಳ ನಿಧಿಗೆ ಕಟ್ಟಬೇಕು. ಅದು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ನೋಟಿಸಿನ ಬದಲಿನ ಒಂದು ತಿಂಗಳ ಸಂಬಳವೂ ಸೇರಿ ಒಟ್ಟು 1,32,600. ಅವರು ಕೊಡುತ್ತೇವೆ ಎನ್ನುತ್ತಿರುವುದು 46,800. ಗ್ರಾಚ್ಯುಟಿ ಬೇರೆ: 15,600ನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ 14ರಿಂದ ಗುಣಿಸಿ. 1,26,000 ಆಗುತ್ತದೆ. ಅದು ನೀವು ದುಡಿದ ದುಡ್ಡು, ಹೇಗೆ ಬಿಟ್ಟರೂ ಬರಬೇಕು. ಮೂರು ತಿಂಗಳ ಸಂಬಳದ ಲೆಕ್ಕದಲ್ಲಿ ಅದನ್ನೂ ಸೇರಿಸಲು ಬಿಡಬೇಡಿ.

ಮೂರು ತಿಂಗಳು ಎನ್ನುವ ಲೆಕ್ಕ ನಾನು ತುಂಬ ಕಡೆ ಕೇಳಿದ್ದೇನೆ. ಮಾಲೀಕರ ಕೈಮೀರಿದ ಕಾರಣಕ್ಕೆ ಕಾರ್ಖಾನೆಯೇ ಮುಚ್ಚಿದರೆ ಪರಿಹಾರ ಮೂರು ತಿಂಗಳ ಸಂಬಳ ಮೀರಬೇಕಿಲ್ಲ ಎಂದು ಕಾನೂನಿನಲ್ಲಿದೆ. ಆದರೆ ಬರೀ ನಷ್ಟವಾಯಿತು, ಮಾಲು ಮಾರಾಟವಾಗದೆ ಉಳಿಯಿತು ಎಂಬುದು ಕೈಮೀರಿದ ಕಾರಣವಲ್ಲ ಅಂತಲೂ ಅದೇ ಕಾನೂನು ಬಿಡಿಸಿ ಹೇಳಿದೆ. ಚೀನಾ ಮಾಲಿನ ಪೈಪೋಟಿ ಎಂದು ಹೇಳಿದ ಮಾತ್ರಕ್ಕೆ ಮೂರು ತಿಂಗಳಿಗೆ ಇಳಿಸಲು ಬರುವುದಿಲ್ಲ. ಮೇಲಾಗಿ ನಿಮ್ಮ ಕಾರ್ಖಾನೆ ಮುಚ್ಚುತ್ತಲೂ ಇಲ್ಲವಲ್ಲ.

ಇನ್ನು ಇಎಸ್‌ಐ. ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಬಗ್ಗೆ ಕೇಳಿ. ರಿಟ್ರೆಂಚ್ ಆದವರಿಗೆ ಮೊದಲ 12 ತಿಂಗಳು ಸರಾಸರಿ ಸಂಬಳದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಆ ಅವಧಿಯಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ನಿಮ್ಮ ಭಾವ ಹೇಳಿದ್ದಕ್ಕೆ ನಮ್ಮಲ್ಲಿ ತೀರಾ ಹತ್ತಿರ ಬರುವುದು ಇದೇ. ಕೇಳಿಕೊಂಡು ಬರುವವರು ಬಹಳ ಕಡಿಮೆ. ಯಾಕೆಂದರೆ ಅಷ್ಟು ಹೊತ್ತಿಗೆ ‘ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂದು ಬರೆದುಕೊಟ್ಟಿರುತ್ತಾರೆ. ಆ ಒಂದು ಸಾಲಿಗೆ ರಿಟ್ರೆಂಚ್‌ಮೆಂಟ್ ಪರಿಹಾರವೂ ಹೋಯಿತು, ಈ ಭತ್ಯೆಯೂ ಹೋಯಿತು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನ ಚಿಕ್ಕಮ್ಮ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ದಿನವಿಡೀ ಬಿಸಿನೀರಲ್ಲಿ ಗೂಡು ತಿರುವಿ ಅವರ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಊಟಕ್ಕೆ ಕೂತಾಗ ಸಾರಿನ ಖಾರ ಉರಿಯುತ್ತದೆ ಎಂದು ಚಮಚ ಕೇಳುತ್ತಿದ್ದರು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ 30%ರಿಂದ 5%ಗೆ ಇಳಿಯಿತು. ಆ ವರ್ಷವೇ ಅವರ ಘಟಕ ನಿಂತಿತು. 2013ರಲ್ಲಿ ಸುಂಕ 15%ಗೆ ಏರಿದಾಗ ಅವರು ಮನೆಗೆಲಸಕ್ಕೆ ಹೋಗುತ್ತಿದ್ದರು. ಇಪ್ಪತ್ತು ವರ್ಷ ದುಡಿದಿದ್ದಕ್ಕೆ ಒಂದು ಹಾಜರಿ ಚೀಟಿಯೂ ಇರಲಿಲ್ಲ. ನನಗೆ ಕಾನೂನು ಗೊತ್ತಿದ್ದೂ ಅವರಿಗೆ ಏನೂ ಕೊಡಿಸಲಾಗಲಿಲ್ಲ.

ನಿಮ್ಮ ಹತ್ತಿರ ಕಾಗದ ಇದೆ. ಅಪಾಯಿಂಟ್‌ಮೆಂಟ್ ಆರ್ಡರ್, ಪೇ ಸ್ಲಿಪ್, ಇಎಸ್‌ಐ ಕಾರ್ಡು, ಪಿಎಫ್ ಪಾಸ್‌ಬುಕ್ ಎಲ್ಲದರ ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿಡಿ. ಗೇಟ್ ಪಾಸ್ ಕಿತ್ತುಕೊಂಡ ಮೇಲೆ ಒಳಗಿರುವ ಕಾಗದ ಸಿಗುವುದಿಲ್ಲ. 300ಕ್ಕಿಂತ ಕಡಿಮೆ ಜನ ಇರುವುದರಿಂದ ನಿಮ್ಮನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಿಲ್ಲ. ಮೊದಲು ಆ ಮಿತಿ 100 ಇತ್ತು. ಹಾಗಾಗಿ ತಡೆಯುವುದು ಕಷ್ಟ, ಬರಬೇಕಾದ್ದನ್ನು ಪಡೆಯುವುದು ಸಾಧ್ಯ. ಒಬ್ಬೊಬ್ಬರೇ ಎಚ್.ಆರ್. ಕೋಣೆಗೆ ಹೋಗಬೇಡಿ. ಕರೆದರೆ, ‘ಕಾಗದ ಕೊಡಿ ಸಾರ್, ಮನೆಯಲ್ಲಿ ಓದಿ ಹೇಳ್ತೀನಿ’ ಎನ್ನಿ. ಆಮೇಲೂ ಒತ್ತಾಯ ಮಾಡಿದರೆ 22 ಜನವೂ ಸಹಿ ಮಾಡಿದ ಒಂದು ದೂರನ್ನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.