ಕೊಳೆ ಎಲ್ಲಿಗೆ ಹೋಯಿತು ಅಂತ ಬರೆಯಿರಿ

ನಮಸ್ಕಾರ,

ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಜರ್ಮೇನಿಯಂ: ನಾಳಿನ ಲೋಹ' ಲೇಖನ ಓದಿದೆ. ವಿಷಯ ಒಳ್ಳೆಯದು, ಕಾಗುಣಿತದ ತಪ್ಪಿಲ್ಲ, 2023ರಲ್ಲಿ ಚೀನಾ ಇದರ ರಫ್ತಿಗೆ ಕಡಿವಾಣ ಹಾಕಿದ್ದನ್ನೂ ಬಿಟ್ಟಿಲ್ಲ. ಹೊಗಳಿಕೆ ಇಷ್ಟು ಸಾಕು, ಯಾಕಂದ್ರೆ ಮೂರನೇ ಪುಟಕ್ಕೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ನೀವು ಬರೆದದ್ದು: "ಅದಿರಿನಿಂದ ಪಡೆದ ಜರ್ಮೇನಿಯಂ ಅನ್ನು ವಿವಿಧ ರಾಸಾಯನಿಕ ಪ್ರಕ್ರಿಯೆಗಳಿಗೆ ಒಳಪಡಿಸಿ ಶುದ್ಧೀಕರಿಸಲಾಗುತ್ತದೆ."

ಯಾವ ಅದಿರು? ಇದು ಹೆಚ್ಚಾಗಿ ಸಿಗುವುದು ಸತು ತೆಗೆದ ಮೇಲೆ ಉಳಿಯುವ ಗಸಿಯಲ್ಲಿ, ಇಲ್ಲವೇ ಕಲ್ಲಿದ್ದಲಿನ ಹಾರುಬೂದಿಯಲ್ಲಿ. ಇನ್ನು ನಿಮ್ಮ "ವಿವಿಧ ಪ್ರಕ್ರಿಯೆ". ಕಥೆಯೆಲ್ಲ ಇರುವುದೇ ಅಲ್ಲಿ, ಅಲ್ವಾ? ಆ ಗಸಿಯನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿದರೆ ಜರ್ಮೇನಿಯಂ ಕ್ಲೋರಿನ್ ಜೊತೆ ಸೇರಿಕೊಳ್ಳುತ್ತದೆ. ಹಾಗೆ ಹುಟ್ಟುವ ಕ್ಲೋರೈಡ್ ಸುಮಾರು 84 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ, ಸತು ಕಬ್ಬಿಣದ ಕ್ಲೋರೈಡುಗಳು ಪಾತ್ರೆಯಲ್ಲೇ ಕೂತಿರುತ್ತವೆ. ಕಾಟ ಕೊಡುವುದು ಗಸಿಯಲ್ಲೇ ಇರುವ ಆರ್ಸೆನಿಕ್. ಅದರ ಕ್ಲೋರೈಡ್ ಕುದಿಯುವುದು 130ಕ್ಕೆ, ಆದರೂ ಸ್ವಲ್ಪ ಸ್ವಲ್ಪ ಜೊತೆಗೇ ಬಂದುಬಿಡುತ್ತದೆ, ಹಾಗಾಗಿ ಮತ್ತೆ ಮತ್ತೆ ಭಟ್ಟಿ ಇಳಿಸಬೇಕು. ಆಮೇಲೆ ಆ ಜರ್ಮೇನಿಯಂ ಕ್ಲೋರೈಡನ್ನು ಶುದ್ಧ ನೀರಿಗೆ ಹಾಕಿದರೆ ಬಿಳಿ ಆಕ್ಸೈಡ್ ಪುಡಿ ತಳಕ್ಕಿಳಿಯುತ್ತದೆ. ಆ ಪುಡಿಯನ್ನು ಹೈಡ್ರೋಜನ್ ಹಾಯಿಸಿ ಕಾಯಿಸಿದರೆ ಜರ್ಮೇನಿಯಂ. ಇಷ್ಟನ್ನೂ ನೀವು ಒಂದು "ವಿವಿಧ"ದಲ್ಲಿ ನುಂಗಿದ್ದೀರಿ.

ಮುಂದಿನ ಸಾಲು: "ಝೋನ್ ರಿಫೈನಿಂಗ್ ಎಂಬ ಅತ್ಯಾಧುನಿಕ ತಂತ್ರಜ್ಞಾನದಿಂದ ಕಶ್ಮಲಗಳನ್ನು ದೂರಮಾಡಿ ಶೇ. 99.9999ರಷ್ಟು ಪರಿಶುದ್ಧತೆ ಸಾಧಿಸಲಾಗುತ್ತದೆ."

ಅತ್ಯಾಧುನಿಕ ಏನಲ್ಲ ಮಾರಾಯ್ರೆ, ಟ್ರಾನ್ಸಿಸ್ಟರ್ ಬಂದ ಹೊಸತರಲ್ಲಿ, 1950ರ ಆಸುಪಾಸು, ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ವಿಲಿಯಂ ಫ್ಯಾನ್ ರೂಪಿಸಿದ ವಿಧಾನ. ಇರಲಿ. ದೂರಮಾಡಿ ಅಂದ್ರೆ ಎಲ್ಲಿಗೆ?

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯ ವಿಜ್ಞಾನ ಪುಟದಲ್ಲಿ. ಅಲ್ಲಿದ್ದ ಹಿರಿಯರೊಬ್ಬರು ಬಂದ ಬರಹವನ್ನೆಲ್ಲ ನನ್ನಿಂದ ಜೋರಾಗಿ ಓದಿಸುತ್ತಿದ್ದರು. "ಬೇರ್ಪಡಿಸಲಾಗುತ್ತದೆ" ಅಂತ ಬಂದ ಕೂಡಲೇ ಕೈ ಎತ್ತುವರು. "ಯಾರು? ಯಾವುದರಿಂದ? ಉಳಿದದ್ದು ಎಲ್ಲಿ ಹೋಯ್ತು?" ಉತ್ತರ ಗೊತ್ತಿಲ್ಲದಿದ್ದರೆ ಎದ್ದು ಹೋಗಿ ಹುಡುಕಿಕೊಂಡು ಬರಬೇಕಿತ್ತು, ಅಲ್ಲಿವರೆಗೆ ಚಹಾ ಕೂಡ ಇಲ್ಲ. ಆಗ ಅವರ ಮೇಲೆ ಸಿಕ್ಕಾಪಟ್ಟೆ ಕೋಪ ಬರುತ್ತಿತ್ತು. ಈಗ ನಿಮಗೆ ನನ್ನ ಮೇಲೆ ಬರಬಹುದು.

ಅವರ ಪ್ರಶ್ನೆಯನ್ನೇ ಇಲ್ಲಿ ಕೇಳಿ ನೋಡಿ. ದೋಣಿಯಂಥ ಉದ್ದನೆಯ ಗ್ರಾಫೈಟ್ ಪಾತ್ರೆಯಲ್ಲಿ ಜರ್ಮೇನಿಯಂ ಗಟ್ಟಿಯೊಂದು ಮಲಗಿದೆ. ಉಂಗುರದಂಥ ಹೀಟರ್ ಒಂದು ತುದಿಯಿಂದ ನಿಧಾನಕ್ಕೆ ಸರಿಯುತ್ತದೆ. ಅದರಡಿಯ ಚಿಕ್ಕ ಪಟ್ಟಿ ಮಾತ್ರ 938 ಡಿಗ್ರಿಗೆ ಕರಗುತ್ತದೆ, ಹೀಟರ್ ಮುಂದೆ ಹೋದಂತೆ ಹಿಂದೆ ಮತ್ತೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವ ಹರಳು ಹೊರಗಿನ ಪರಮಾಣುಗಳನ್ನು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ, ಅವು ದ್ರವದಲ್ಲೇ ಉಳಿಯುತ್ತವೆ. ಹಾಗಾಗಿ ಪೊರಕೆ ಹಿಡಿದು ಮೂಲೆಗೆ ಗುಡಿಸಿದಂತೆ ಕೊಳೆಯೆಲ್ಲ ಕೊನೆಯ ತುದಿಗೆ ಬಂದು ಸೇರುತ್ತದೆ. ಹೀಗೆ ಹಲವು ಸಲ ಹಾಯಿಸಿ ಆ ತುದಿಯನ್ನು ಕತ್ತರಿಸಿ ತೆಗೆಯುತ್ತಾರೆ. (ಬೋರಾನ್‌ನಂಥ ಕೆಲವು ಉಲ್ಟಾ, ಗಟ್ಟಿಯಾಗುವ ಕಡೆಗೇ ಅಂಟಿಕೊಂಡು ಹಿಂದೆ ಉಳಿಯುತ್ತವೆ. ಇಂಥದ್ದು ಸಿಕ್ಕರೆ ಬಿಡಬೇಡಿ.) ಇದನ್ನು ಓದಿದವನಿಗೆ ಆ ಆರು ಒಂಬತ್ತುಗಳು ನಂಬಿಕೆಯಾಗುತ್ತವೆ. ನಿಮ್ಮ ಸಾಲು ಓದಿದವನು ಸುಮ್ನೆ ಪುಟ ತಿರುಗಿಸುತ್ತಾನೆ.

ಐದನೇ ಪುಟದಲ್ಲೂ ಇದೇ ಕಾಯಿಲೆ. "ಬೂದು ಬಣ್ಣದ ಹೊಳೆಯುವ ಈ ಲೋಹವನ್ನು ಥರ್ಮಲ್ ಕ್ಯಾಮೆರಾ ಲೆನ್ಸ್‌ಗಳಲ್ಲಿ ಬಳಸಲಾಗುತ್ತದೆ." ಬೆಳಕೇ ದಾಟದ ವಸ್ತುವಿನಿಂದ ಲೆನ್ಸ್ ಹೇಗೆ ಮಾಡ್ತಾರೆ ಅಂತ ಬರೆಯುವಾಗ ನಿಮಗೆ ಅನ್ನಿಸಲಿಲ್ವಾ? ಕಣ್ಣಿಗೆ ಕಾಣುವ ಬೆಳಕಿಗೆ ಅದು ಗೋಡೆ, ಆದರೆ ನಮ್ಮ ಮೈಯಿಂದ ಹೊರಡುವ ಶಾಖದ ಕಿರಣಗಳು ಸಲೀಸಾಗಿ ದಾಟುತ್ತವೆ. ಅದೊಂದು ವಾಕ್ಯ ಸೇರಿಸಿ. ಅಂದ ಹಾಗೆ, ಇದು ಲೋಹವಲ್ಲ, ಲೋಹಕ್ಕೂ ಅಲೋಹಕ್ಕೂ ನಡುವಿನ ಅರೆಲೋಹ, ಶೀರ್ಷಿಕೆಯನ್ನೂ ನೋಡಿಕೊಳ್ಳಿ.

ಮೂರು ಮತ್ತು ಐದನೇ ಪುಟ ಮಾತ್ರ ಮತ್ತೆ ಬರೆದು ಕಳಿಸಿ. ಉದ್ದ ಜಾಸ್ತಿಯಾದರೆ ಚಿಂತೆ ಬೇಡ, ಪೀಠಿಕೆಯನ್ನು ನಾನೇ ಕತ್ತರಿಸುತ್ತೇನೆ.